ನಡುಗದ ತಾಯಂದಿರು

ಫೆಬ್ರವರಿ 3, ಮಧ್ಯಾಹ್ನ

ಇವತ್ತೂ ಯಾರೂ ನಡುಗಲಿಲ್ಲ.

ಮೂರು ಸಿಸೇರಿಯನ್. ಮೂವರಿಗೂ ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದು ನಾನೇ. ಹಾಗೆ ಮಾಡಿದರೆ ಬಹಳ ಜನ ಗಡಗಡ ನಡುಗುತ್ತಾರೆ. ಡ್ರಿಪ್ ಬೆಚ್ಚಗಿದ್ದರೆ ನಡುಕ ಕಡಿಮೆಯಾಗುತ್ತದೆಯೇ — ಇದೇ ನನ್ನ ಅಧ್ಯಯನ. ಅರ್ಧ ಜನಕ್ಕೆ ಬಿಸಿ ಬಾಟಲಿ, ಅರ್ಧ ಜನಕ್ಕೆ ಮಾಮೂಲಿ ತಣ್ಣನೆಯದು. ಯಾರಿಗೆ ಯಾವುದು ಅಂತ ನನಗೆ ಗೊತ್ತಾಗಬಾರದು. ಚೀಟಿ ಎತ್ತಿ, ಅದರಲ್ಲಿರುವ ಬಾಟಲಿ ನೇತುಹಾಕುವುದು ಥಿಯೇಟರ್ ಸಿಸ್ಟರ್. ಬಾಟಲಿ ಮುಟ್ಟದೆ, ತಲೆಯ ಹತ್ತಿರ ಕೂತು ನಡುಕ ಅಳೆಯುವುದು ನಾನು. ನಡುಗಿದರೆ ತಾನೇ ಅಳೆಯೋದು!

“ಒಬ್ಬರಾದ್ರೂ ನಡುಗಬಾರದಾ” ಅಂತ ಬಾಯಿಬಿಟ್ಟು ಹೇಳಿದೆ. ಸರ್ಜನ್ ಮೇಡಂ ಕತ್ತರಿ ಹಿಡಿದೇ ತಿರುಗಿದರು.

“ಏನಮ್ಮಾ ನೀನು, ಹೆರಿಗೆಗೆ ಬಂದೋರಿಗೆ ಶಾಪ ಹಾಕ್ತೀಯಾ?”

ಫೆಬ್ರವರಿ 6

ಅಧ್ಯಯನದ ಗೈಡ್ ರೂಮಿನ ಮುಂದೆ ನಿಂತು ನಿಂತು ಕಾಲು ಬಿದ್ದುಹೋಯಿತು. ಏನು ಕೇಳಿದರೂ ‘ನೋಡೋಣ’ ಅನ್ನುತ್ತಾರೆ. ಅದಕ್ಕೇ ನಮ್ಮ ಬ್ಯಾಚಿನಲ್ಲಿ ಅವರ ಹೆಸರು ‘ನೋಡೋಣ ಸರ್’.

ನನ್ನ ಕಣ್ಣಿರುವುದು ಟ್ರೈನಿಂಗ್ ಮುಗಿದ ಮೇಲಿನ ಒಂದು ವರ್ಷದ ರಿಸರ್ಚ್ ಸೀಟಿನ ಮೇಲೆ. ಡಿಪಾರ್ಟ್‌ಮೆಂಟಿಗೆ ಒಂದೇ ಸೀಟು. ಏಪ್ರಿಲ್ ಕೊನೆಯೊಳಗೆ ಅಧ್ಯಯನ ಮುಗಿಸದವರ ಅರ್ಜಿ ತೆರೆದೂ ನೋಡುವುದಿಲ್ಲ. ನನ್ನ ಬ್ಯಾಚಿನಲ್ಲಿ ಎಲ್ಲರಿಗಿಂತ ಎತ್ತರದವನು, ನಾವು ‘ಉದ್ದ’ ಅನ್ನುವವನು, ಆಗಲೇ ಮುಗಿಸಿ ಕೂತಿದ್ದಾನೆ. ಅವನದು ಟ್ಯೂಬ್ ಹಾಕಿದ ಮೇಲಿನ ಗಂಟಲು ನೋವು. ಯಾರಿಗೆ ಬರೋದಿಲ್ಲ ಹೇಳಿ, ಪುಣ್ಯಾತ್ಮ!

“ವಾರಕ್ಕೆ ಒಂದು ದಿನ ಡ್ಯೂಟಿಯಿಂದ ಬಿಡಿ ಸರ್.”

“ನೋಡೋಣ.”

ಸಂಜೆ ಅಕ್ಕನ ಫೋನ್. ಹಿಂದಿನಿಂದ ಭಾವ ಕೂಗಿದರು — “ಊರಿಗೆಲ್ಲ ನಿದ್ದೆ ಬರಿಸ್ತಾಳೆ, ತಾನು ಮಾತ್ರ ಗೂಬೆ ಥರ ಕೂತಿರ್ತಾಳೆ!” ನಗು ಬರಲಿಲ್ಲ. ಆ ಸೀಟು ನಿನಗೆ ಅಷ್ಟು ಯಾಕೆ ಬೇಕು ಅಂತ ಕೇಳಿದಳು ಅಕ್ಕ. ಬೇರೆಯವರು ಕಂಡುಹಿಡಿದ ಡೋಸು ಕೊಟ್ಟು ಕೊಟ್ಟು ಸಾಕಾಗಿದೆ ಕಣೇ, ಒಂದೇ ಒಂದು ವಿಷಯ ನಾನೂ ಕಂಡುಹಿಡೀಬೇಕು ಅಂದೆ.

ಫೆಬ್ರವರಿ 17

ಸಿಸ್ಟರ್ ಮಗು ಒರೆಸುತ್ತಿದ್ದರು. ಖಾಲಿ ಬಾಟಲಿ ನಾನೇ ಕಳಚಿದೆ. ಬೆಚ್ಚಗಿತ್ತು. ಇರಲಿ. ಮುಂದಿನವಳದ್ದೂ ಬೆಚ್ಚಗೆ. ಅದರ ಮುಂದಿನವಳದ್ದೂ…

“ಸಿಸ್ಟರ್, ತಣ್ಣಗಿನ ಚೀಟಿ ಬರೋದೇ ಇಲ್ವಾ?”

“ಬರುತ್ತಲ್ಲ.”

“ಮತ್ತೆ?”

“ಅಯ್ಯೋ, ಮೊದಲನೇ ವಾರ ಒಬ್ಬಳು ಹಲ್ಲು ಕಟಕಟ ಅಂತ ಹೇಗೆ ನಡುಗಿದ್ಲು ಅಂತೀರಾ! ಬಾಟಲಿ ಬೆಚ್ಚಗಿಡೋ ಕಪಾಟು ಪಕ್ಕದಲ್ಲೇ ಇದೆ, ಅದರಲ್ಲಿ ಬಿಸೀದು ಇದೆ. ತಣ್ಣಗಿರೋದು ಹಾಕೋಕೆ ನಂಗೆ ಕೈ ಬರ್ಲಿಲ್ಲ ಡಾಕ್ಟ್ರೇ. ಆಮೇಲಿಂದ ಎಲ್ಲರಿಗೂ ಬಿಸೀದೇ ಹಾಕ್ದೆ.”

ನಾಲ್ಕು ತಿಂಗಳ ಕೆಲಸ ಮಣ್ಣುಪಾಲು. ಎಲ್ಲರೆದುರೇ ಕಿರುಚಿದೆ. “ನಿಮ್ಮ ಕರುಣೆ ವಾರ್ಡಲ್ಲಿ ಇಟ್ಕೊಳ್ಳಿ, ನನ್ನ ಥಿಯೇಟರಲ್ಲಿ ಬೇಡ!” ಸಿಸ್ಟರ್ ಮುಖ ಸಣ್ಣದಾಯಿತು. ನನಗೇನೂ ಅನ್ನಿಸಲಿಲ್ಲ. ಮೇಟ್ರನ್‌ಗೆ ದೂರು ಕೊಟ್ಟೇ ಊಟಕ್ಕೆ ಹೋದದ್ದು.

ಫೆಬ್ರವರಿ 19

ಸಿಸ್ಟರನ್ನು ವಾರ್ಡಿಗೆ ಹಾಕಿದ್ದಾರೆ. ಹನ್ನೊಂದು ವರ್ಷ ಥಿಯೇಟರಿನಲ್ಲಿದ್ದವರಂತೆ. ಇರಲಿ, ನಾನೇನು ಮಾಡಲಿ?

ನೋಡೋಣ ಸರ್ ಮೊದಲ ಸಲ ಬೇರೆ ಮಾತಾಡಿದರು. “ಹೊಸದಾಗಿ ಶುರು ಮಾಡು. ಟೈಮಿಗೆ ಮುಗಿದ್ರೆ ನಿನ್ನ ಪುಣ್ಯ.” ಥಿಯೇಟರಿನಲ್ಲೇ ಬಿದ್ದಿದ್ದರೆ ಮುಗಿಯುತ್ತದೆ. ರಜೆಯೆಲ್ಲ ಗೋವಿಂದ.

ಮಾರ್ಚ್ 9

ಸಿಸ್ಟರ್ ಜಾಗಕ್ಕೆ ಬಂದಿರುವ ಗಂಡು ನರ್ಸ್, ಹೊಸ ಬ್ರದರ್, ಗಟ್ಟಿ ಆಸಾಮಿ. ಚೀಟಿಯಲ್ಲಿ ಏನಿದೆಯೋ ಅದೇ. ಈಗ ನಡುಗುತ್ತಿದ್ದಾರೆ! ನಡುಕದ ನಾಲ್ಕು ಹಂತಗಳಲ್ಲಿ ಎರಡನೆಯದರವರೆಗೆ ಬರೀ ನೋಡುವುದು, ಮೂರಕ್ಕೆ ಬಂದರೆ ಮಾತ್ರ ಔಷಧಿ. ನಾನೇ ಬರೆದ ನಿಯಮ. ಸದ್ಯ, ಕೆಲಸ ಸಾಗುತ್ತಿದೆ.

ಏಪ್ರಿಲ್ 12, ಸಂಜೆ

ಇವತ್ತಿನ ಮೊದಲನೆಯವಳು ಟೈಲರ್. “ನಿಮ್ಮ ಸೂಜಿ ನನ್ನದಕ್ಕಿಂತ ಉದ್ದ ಇದೆಯಲ್ಲ ಡಾಕ್ಟ್ರೇ” ಅಂತ ನಗಿಸಿದ್ದಳು. ಮಗು ಹೊರಗೆ ಬರುವಷ್ಟರಲ್ಲಿ ನಡುಕ ಶುರು. ಎರಡನೇ ಹಂತ. ಕೂತೆ. ಮಗು ತಂದು ಎದೆಯ ಮೇಲೆ ಇಡಲು ಹೋದರೆ ಎರಡೂ ಕೈ ಅಲ್ಲಾಡುತ್ತಿವೆ. “ಬೇಡ, ಬೇಡ, ಬೀಳಿಸಿಬಿಡ್ತೀನಿ. ತಗೊಂಡು ಹೋಗಿ” ಅಂದಳು. ಹಲ್ಲು ಕಚ್ಚಿ ಹಿಡಿದರೂ ಮಾತು ಚೂರುಚೂರು. ಮಗುವನ್ನು ನೋಡುತ್ತಲೇ ಅತ್ತಳು. ಇನ್ನೂ ಎರಡೇ. ಮೂರಲ್ಲ.

ಬ್ರದರ್ ರಕ್ತ ತರಲು ಹೋಗಿದ್ದ. ಬಾಟಲಿ ಮುಟ್ಟಿದೆ. ತಣ್ಣಗೆ. ಎದ್ದು ಕಪಾಟಿನಿಂದ ಬಿಸಿಯದು ತಂದು ಹಾಕಿದೆ, ಬೆಚ್ಚನೆಯ ಕಂಬಳಿ ಹೊದಿಸಿದೆ, ಔಷಧಿಯನ್ನೂ ಕೊಟ್ಟುಬಿಟ್ಟೆ. ಹೊಲಿಗೆ ಮುಗಿಯುವಷ್ಟರಲ್ಲಿ ಮಗು ಅವಳ ಕೈಯಲ್ಲಿತ್ತು.

ಒಬ್ಬಳನ್ನು ಲೆಕ್ಕದಿಂದ ಕೈಬಿಟ್ಟರಾಯಿತು, ಅಧ್ಯಯನ ಉಳಿಯುತ್ತದೆ. ಹಾಗಂದುಕೊಂಡೇ ಮುಂದಿನ ಕೇಸಿಗೆ ಹೋದೆ. ಆ ಬಾಟಲಿಯನ್ನೂ ಮುಟ್ಟಿ ನೋಡಿದೆ. ಬದಲಾಯಿಸಿದೆ. ಅವಳಿನ್ನೂ ನಡುಗಲು ಶುರುವೇ ಮಾಡಿರಲಿಲ್ಲ.

ಅದರ ಮುಂದಿನವಳದ್ದೂ.

ನಾಳೆ ‘ನೋಡೋಣ ಸರ್’ಗೆ ಹೇಳಬೇಕು. ಸೀಟು ಉದ್ದನಿಗೇ. ಅದಕ್ಕೂ ಮೊದಲು ವಾರ್ಡಿಗೆ ಹೋಗಿ ಸಿಸ್ಟರ್‌ಗೆ, ನಾನೂ ಬಿಸೀದೇ ಹಾಕ್ದೆ ಅಂತ ಹೇಳಬೇಕು.