ಹೊಗೆ ಇತ್ತು, ಕಾಣಲಿಲ್ಲ ಎಂದೆ

ಪೋರ್ಟ್ ಆಲ್ಡೆನ್, ಒಹಾಯೊ
ಬುಧವಾರ, ಅಕ್ಟೋಬರ್ 16

ಪ್ರೀತಿಯ ತಮ್ಮ ಲೊವೆಲ್‌ಗೆ,

ಮೊದಲು ನಿನ್ನ ದವಡೆ ಹೇಗಿದೆ ಹೇಳು. ಊತ ಇಳಿಯಿತೇ? ಗಟ್ಟಿ ಪದಾರ್ಥ ಅಗಿಯಲು ಆಗುತ್ತಿದೆಯೇ, ಅಥವಾ ಟೊಲಿಡೊದಲ್ಲಿ ಆ ಓಟಿಸ್ ಎರಡು ಹೊತ್ತೂ ಡಬ್ಬಿಯ ಸೂಪು ಬಿಸಿ ಮಾಡಿ ನಿನ್ನ ಮುಂದಿಡುತ್ತಿದ್ದಾನೆಯೇ? ಅವನು ಒಳ್ಳೆಯ ಮನುಷ್ಯ, ಕಾರ್ಖಾನೆಯಲ್ಲಿ ನಿನ್ನ ಜೊತೆ ನಿಂತವನು. ಆದರೆ ಅವನ ಮನೆಯಲ್ಲಿ ಒಂದೇ ಹಾಸಿಗೆ, ನೀನು ಸೋಫಾದ ಮೇಲೆ ಮಲಗುತ್ತಿರಬೇಕು, ನಿನ್ನ ಬೆನ್ನಿಗೆ ಸೋಫಾ ಆಗದೆಂದು ಅವನಿಗೆ ಹೇಳುವವರು ಯಾರು? ನೀನಂತೂ ಹೇಳುವವನಲ್ಲ. ನಾನು ಇಲ್ಲಿ ಆರೋಗ್ಯವಾಗಿದ್ದೇನೆ ಎಂದು ಬರೆಯುವುದು ವಾಡಿಕೆ. ಊಟ ಸೇರುತ್ತಿದೆ, ನಿದ್ದೆ ಬರುತ್ತಿಲ್ಲ. ಸರೋವರದ ಕಡೆಯಿಂದ ಗಾಳಿ ಶುರುವಾಗಿದೆ. ಹಿಂಬಾಗಿಲಿನ ಚಿಲಕ ನೀನು ಹೋದಂದಿನಿಂದ ಸರಿಯಾಗಿ ಬೀಳುತ್ತಿಲ್ಲ. ನಾನು ಅದಕ್ಕೊಂದು ಕುರ್ಚಿ ಒತ್ತಿ ಇಟ್ಟಿದ್ದೇನೆ.

ಭಾನುವಾರ ಬೆಳಿಗ್ಗೆ ನೀನು ಒಂದು ಮಾತೂ ಆಡದೆ ಚೀಲ ತುಂಬಿಕೊಂಡು ಹೊರಟಾಗ ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಾ ನಿಂತಿದ್ದೆ. ನೀನು ಬಂದು ಕೇಳುತ್ತೀಯೆಂದು ಕಾದೆ. ಕೇಳಿದರೆ ಏನು ಹೇಳುವುದೆಂದು ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಆ ಉತ್ತರದ ತುಂಬ ನಮ್ಮೂರಿನ ಮನರಂಜನಾ ಪಾರ್ಕಿನವರ ತಪ್ಪುಗಳೇ ಇದ್ದವು. ನೀನು ಕೇಳಲಿಲ್ಲ. ಕಾಫಿ ಎರಡು ಲೋಟದಲ್ಲಿ ಆರಿತು.

ಪಾರ್ಕಿನವರ ತಪ್ಪುಗಳನ್ನು ನಾನು ಕಂಠಪಾಠ ಮಾಡಿದವಳು, ನಿನಗೆ ಗೊತ್ತೇ ಇದೆ. ಗ್ರಂಥಾಲಯದ ಮೇಜಿನ ಹಿಂದೆ ಕೂತು ಈ ಊರಿನ ಪತ್ರಿಕೆಗೆ ನಾನು ಬರೆದಷ್ಟು ಪತ್ರಗಳನ್ನು ಯಾರೂ ಬರೆದಿರಲಾರರು. ನಾವು ಚಿಕ್ಕವರಿದ್ದಾಗ ಸೆಪ್ಟೆಂಬರಿನ ಮೊದಲ ಸೋಮವಾರ, ಕಾರ್ಮಿಕರ ಹಬ್ಬದ ದಿನ, ಪಾರ್ಕಿನ ಬಾಗಿಲು ಆ ವರ್ಷಕ್ಕೆ ಮುಚ್ಚುತ್ತಿತ್ತು. ಮರುದಿನ ಕೆಲಸದವರಿಗೆಲ್ಲ ಮೆಕ್ಕೆಜೋಳ ಸುಟ್ಟು ಊಟ ಹಾಕುತ್ತಿದ್ದರು. ಅಮ್ಮ ಮರದ ಕುದುರೆಗಳು ಸುತ್ತುವ ರಾಟೆಯ ಬಳಿ ಟಿಕೆಟ್ ಹರಿಯುತ್ತಿದ್ದವಳು, ನಮ್ಮಿಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದಳು, ಮಾಲೀಕನೇ ಬಂದು ನಮ್ಮ ತಟ್ಟೆಗೆ ಬೆಣ್ಣೆ ಹಾಕುತ್ತಿದ್ದ. ಈಗ ಬೇಸಿಗೆ ಮುಗಿದ ಮೇಲೂ ಭೂತವೇಷಗಳ ಹ್ಯಾಲೋವೀನ್ ಹಬ್ಬದ ಹೆಸರಿನಲ್ಲಿ ಅಕ್ಟೋಬರ್ ಕೊನೆಯವರೆಗೆ ಬಾಗಿಲು ತೆರೆದೇ ಇರುತ್ತದೆ. ಬೇಸಿಗೆಯಲ್ಲಿ ದುಡಿದ ಕಾಲೇಜು ಹುಡುಗರು ಆಗಸ್ಟಿನಲ್ಲೇ ಹೊರಟುಹೋಗಿರುತ್ತಾರೆ. ವರ್ಷದ ಅತಿ ದೊಡ್ಡ ಜಂಗುಳಿ ಬರುವುದು ವರ್ಷದಲ್ಲೇ ಅತಿ ಕಡಿಮೆ ಜನ ಕೆಲಸಕ್ಕಿರುವ ಹೊತ್ತಿನಲ್ಲಿ. ಸಂಬಳ ಹೆಚ್ಚಿಸಿದರೆ ಜನ ಬರುತ್ತಾರೆಂದು ಆಡಳಿತದವರಿಗೆ ಹೊಳೆಯುವುದಿಲ್ಲ, ಭೂತದ ಮನೆಯಲ್ಲಿ ವೇಷ ಹಾಕಿದ ಒಬ್ಬನೇ ಭೂತ ಮೂರು ಕಿಟಕಿಗಳ ನಡುವೆ ಹಿಂದಿನ ಓಣಿಯಲ್ಲಿ ಓಡಲಿ ಎಂದಷ್ಟೇ ಹೊಳೆಯುತ್ತದೆ. ಎರಡು ಗಂಟೆ ಸರದಿಯಲ್ಲಿ ನಿಂತ ಅತಿಥಿ ಒಳಗೆ ಹೋಗಿ ನೋಡಿದರೆ ಅರ್ಧ ಕೋಣೆಗಳು ಖಾಲಿ. ಅವನ ಸಿಟ್ಟು ಕಚೇರಿಯಲ್ಲಿ ಕೂತವನ ಮೇಲೆ ತೀರುವುದಿಲ್ಲ, ಎದುರಿಗೆ ಸಿಕ್ಕ ವೇಷಧಾರಿಯ ಮೇಲೆ ತೀರುತ್ತದೆ. ಇದನ್ನೆಲ್ಲ ನಾನೇ ಬರೆದೆ, ಅಚ್ಚಾಯಿತು, ಜನ ಅಂಗಡಿಯಲ್ಲಿ ನಿಲ್ಲಿಸಿ ಕೈ ಕುಲುಕಿದರು.

ಆದರೆ ನನ್ನ ತಮ್ಮನೇ ಮುಖಕ್ಕೆ ಬೂದುಬಣ್ಣ ಬಳಿದುಕೊಂಡು ರಬ್ಬರ್ ಗುದ್ದಲಿ ಹಿಡಿದು ಗೋರಿ ತೋಡುವವನ ವೇಷದಲ್ಲಿ ಅಲ್ಲಿ ನಿಲ್ಲುತ್ತಾನೆಂದು ಒಂದು ಪತ್ರದಲ್ಲೂ ಬರೆಯಲಿಲ್ಲ. ಕೇಳಿದವರಿಗೆ ನೀನು ಪಾರ್ಕಿನ ಯಂತ್ರಗಳ ದುರಸ್ತಿ ನೋಡಿಕೊಳ್ಳುತ್ತೀಯ ಎಂದು ಹೇಳಿದ್ದೆ. ನೀನು ಬೇರಿಂಗ್ ಕಾರ್ಖಾನೆಯಲ್ಲಿದ್ದವನಲ್ಲವೇ, ಯಾರಾದರೂ ನಂಬುತ್ತಾರೆ. ನಿನಗೂ ಅದು ಗೊತ್ತಾಗಿತ್ತು. ಕಳೆದ ವರ್ಷ ಚರ್ಚಿನ ಮೀನೂಟದಲ್ಲಿ ಯಾರೋ ನಿನ್ನನ್ನು ರೋಲರ್ ಕೋಸ್ಟರಿನ ಚಕ್ರಗಳ ಬಗ್ಗೆ ಕೇಳಿದರು. ನೀನು ನನ್ನ ಕಡೆ ಒಮ್ಮೆ ನೋಡಿ, "ಎಣ್ಣೆ ಹಾಕ್ತಾ ಇದ್ರೆ ತಿರುಗ್ತವೆ ಬಿಡಿ" ಎಂದು ಆಲೂಗಡ್ಡೆ ಬಡಿಸಿಕೊಂಡೆ. ಮನೆಗೆ ಬಂದ ಮೇಲೆ ನೀನು ಕಾರಿನಲ್ಲೇ ಕೂತು ನಕ್ಕೆ: "ಅಕ್ಕಾ, ನನಗೆ ಬಡ್ತಿ ಕೊಟ್ಟಿದ್ದೀಯ, ಸಂಬಳ ಮಾತ್ರ ಜಾಸ್ತಿ ಮಾಡ್ಲಿಲ್ಲ ನೋಡು." ನಾನೂ ನಕ್ಕೆ. ಅಲ್ಲಿಗೆ ಅದು ಮುಗಿಯಿತೆಂದುಕೊಂಡೆ.

ಶನಿವಾರ ನಾನು ಅಲ್ಲಿಗೆ ಬಂದದ್ದು ಯಾಕೆಂದು ನಿನಗೆ ಹೇಳಿರಲಿಲ್ಲ. ನನ್ನ ಪತ್ರಗಳ ಕಾಟ ತಡೆಯಲಾರದೆ ಪಾರ್ಕಿನವರು ಊರಿನ ಸಭೆಯಿಂದ ಮೂವರನ್ನು ಕರೆದಿದ್ದರು, ಅತಿಥಿಗಳ ಅನುಭವ ಹೇಗಿದೆ ನೀವೇ ನೋಡಿ ಎಂದು. ಕೊರಿನ್ ವಾಸ್ಲರ್, ಔಷಧಿ ಅಂಗಡಿಯ ಮರ್ಲಿನ್ ಟ್ಯಾಗರ್ಟ್, ಮತ್ತು ನಾನು. ಬಾಗಿಲಲ್ಲಿ ನಾನು ಆ ಹೊಳೆಯುವ ಸರ ಕೊಂಡು ಕೊರಳಿಗೆ ಹಾಕಿಕೊಂಡೆ. ಅದನ್ನು ಹಾಕಿದವರನ್ನು ಭೂತಗಳು ಮುಟ್ಟುವುದಿರಲಿ, ಹತ್ತಿರವೂ ಬರುವಂತಿಲ್ಲವಲ್ಲ. ನನಗೆ ಹೆದರಿಕೆ ಆಗುವುದಿಲ್ಲ, ಕೆಲಸದ ಮೇಲೆ ಬಂದಿದ್ದೇನೆ ಎಂದು ಕೊರಿನ್‌ಗೆ ಹೇಳಿದೆ. ನಿಜ ಏನೆಂದರೆ, ನೀನು ಹತ್ತಿರ ಬಂದರೆ ಏನು ಮಾಡುವುದೆಂದು ನನಗೆ ಹೆದರಿಕೆಯಿತ್ತು.

ಯಂತ್ರದಿಂದ ಹೊಗೆ ಬಿಡುವ ಆ ಓಣಿಯಲ್ಲಿ ನಿನ್ನನ್ನು ದೂರದಿಂದಲೇ ಗುರುತಿಸಿದೆ. ಎಡಗಾಲು ಸ್ವಲ್ಪ ಹೊರಗೆ ಹಾಕುವ ನಡಿಗೆ ನಮ್ಮಪ್ಪನದು, ಯಾವ ಬಣ್ಣ ಬಳಿದರೂ ಅಡಗುವುದಿಲ್ಲ. ಮೂವರು ಹುಡುಗಿಯರು ಸರದಿಯಲ್ಲಿ ಬೇಸತ್ತು ನಿಂತಿದ್ದರು. ನೀನು ಹೋಗಿ ಅವರ ಪಕ್ಕದಲ್ಲಿ, ನೀನೂ ಸರದಿಯಲ್ಲಿ ಇರುವವನಂತೆ, ಸುಮ್ಮನೆ ನಿಂತೆ. ಒಬ್ಬಳು ತಿರುಗಿ ನೋಡಿ ಕಿರುಚಿದಳು, ಆಮೇಲೆ ಮೂವರೂ ಬಿದ್ದು ಬಿದ್ದು ನಕ್ಕರು. ನೀನು ಒಮ್ಮೆ ಪಾತ್ರೆ ತೊಳೆಯುತ್ತಾ ಹೇಳಿದ್ದೆಯಲ್ಲ, "ಕಿರುಚಿ ಹೆದರಿಸೋದು ಯಾರ್ ಬೇಕಾದ್ರೂ ಮಾಡ್ತಾರೆ ಕಣಕ್ಕಾ. ಹೆದರಿದ ಮೇಲೆ ನಗ್ತಾರಲ್ಲ, ಅಲ್ಲಿವರ್ಗೂ ಕರ್ಕೊಂಡು ಹೋಗ್ಬೇಕು" ಎಂದು. ನಾನಾಗ ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತಿರಲಿಲ್ಲ. ಅಲ್ಲಿ ಹೊಗೆಯಲ್ಲಿ ನಿಂತು ನೋಡಿದಾಗ, ನಮ್ಮ ಮನೆಯಲ್ಲಿ ಒಂದು ಕಲೆ ಬಲ್ಲವನು ಇದ್ದಾನೆ ಎನಿಸಿತು. ಅದೇ ಕ್ಷಣಕ್ಕೆ ಕೊರಿನ್ ನನ್ನ ಕಿವಿಯಲ್ಲಿ, "ಅಲ್ರೀ ಆರ್ಡಿತ್, ಆ ವಯಸ್ಸಿಗೆ ಮುಖಕ್ಕೆ ಬೂದಿ ಬಳ್ಕೊಂಡು ಮಕ್ಕಳ ಹಿಂದೆ ಓಡಾಡ್ತಾನಲ್ಲ, ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ?" ಎಂದಳು. ನಾನು "ಇರ್ಲಿಕ್ಕಿಲ್ಲ ಬಿಡಿ" ಎಂದೆ. ಲೊವೆಲ್, ಆಮೇಲೆ ನಡೆದದ್ದಕ್ಕಿಂತ ಇದನ್ನು ಬರೆಯುವುದೇ ನನಗೆ ಕಷ್ಟವಾಗುತ್ತಿದೆ. ಇದನ್ನು ನೀನು ಕೇಳಿಸಿಕೊಂಡಿರಲಿಲ್ಲ. ಬರೆಯದಿದ್ದರೆ ನಿನಗೆ ಎಂದೂ ಗೊತ್ತಾಗುತ್ತಿರಲಿಲ್ಲ.

ನೀನು ನನ್ನ ಸರ ನೋಡಿದೆ, ನನ್ನ ಮುಖ ನೋಡಿದೆ, ನಿಯಮದಂತೆ ತಲೆಬಾಗಿ ದಾರಿ ಬಿಟ್ಟೆ. ಆಗಲೇ ಆ ದಪ್ಪ ಕುತ್ತಿಗೆಯ ಹುಡುಗ ಬಂದದ್ದು. "ಎರಡು ಗಂಟೆ ನಿಲ್ಸಿ ತೋರಿಸ್ತಿರೋದು ಈ ತಾತನ್ನಾ? ಏ ತಾತ, ಎಲ್ಲಿ, ಹೆದರ್ಸು ನೋಡೋಣ!" ಎಂದು ನಿನ್ನ ಎದೆಗೆ ಕೈ ಹಾಕಿ ತಳ್ಳಿದ. ಅವನ ಗೆಳೆಯರು ಫೋನ್ ಎತ್ತಿ ಹಿಡಿದರು. ನೀನು ಹಿಂದೆ ಸರಿದೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅವನು ಹೊಡೆದ. ಓಣಿಯ ತುದಿಯಲ್ಲಿ ಇರಬೇಕಾಗಿದ್ದ ಕಾವಲಿನವನು ಇರಲಿಲ್ಲ, ಅವನನ್ನು ಪಾಪ್‌ಕಾರ್ನ್ ಗಾಡಿಗೆ ಕಳಿಸಿದ್ದರಂತೆ. ನೀನು ನೆಲದ ಮೇಲೆ ಕೂತು ಅಂಗೈಯಲ್ಲಿ ಹಲ್ಲಿನ ಸೆಟ್ಟು ಹಿಡಿದುಕೊಂಡಿದ್ದೆ. ಆಗಲೂ ಬಾಯಿ ಬಿಡಲಿಲ್ಲ, ವೇಷದಲ್ಲಿರುವವರು ಮಾತಾಡಬಾರದೆಂಬ ನಿಯಮ ಮುರಿಯಲಿಲ್ಲ.

ಟಾರ್ಚು ಹಿಡಿದು ಓಡಿಬಂದ ಮೇಲ್ವಿಚಾರಕಿಗೆ ಆ ಹುಡುಗ, "ಅವನೇ ಮೊದ್ಲು ನನ್ನ ಕುತ್ತಿಗೆ ಹಿಡ್ದ" ಎಂದ. ಅತಿಥಿಯನ್ನು ಮುಟ್ಟಿದ ಭೂತಕ್ಕೆ ಅಲ್ಲೇ ಕೆಲಸ ಹೋಗುತ್ತದೆ, ಮುಂದಿನ ಯಾವ ಋತುವಿಗೂ ಕರೆಯುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ, ಆ ನಿಯಮದ ಅನ್ಯಾಯದ ಬಗ್ಗೆಯೂ ನಾನು ಒಂದು ಪತ್ರ ಬರೆದಿದ್ದೇನೆ. ಆ ಮೇಲ್ವಿಚಾರಕಿ ಹುಡುಗಿ ನನ್ನ ಬಿಳಿ ಕೂದಲು ನೋಡಿ ನನ್ನನ್ನೇ ಆರಿಸಿ ಕೇಳಿದಳು: "ಮೇಡಂ, ನೀವು ಹತ್ರಾನೇ ಇದ್ರಲ್ಲ, ನೋಡಿದ್ರಾ? ಇವರು ನಿಮಗೆ ಗೊತ್ತಾ?" ನೋಡಿದೆ ಎಂದರೆ ಹೆಸರು ಕೇಳುತ್ತಾರೆ, ಹೆಸರು ಹೇಳಿದರೆ ನಮ್ಮಿಬ್ಬರದೂ ಒಂದೇ ಮನೆತನದ ಹೆಸರು. ಪಕ್ಕದಲ್ಲಿ ಕೊರಿನ್ ಇದ್ದಾಳೆ. "ಹೊಗೆ ಇತ್ತಮ್ಮಾ, ಕಾಣ್ಲಿಲ್ಲ. ಗೊತ್ತಿಲ್ಲ" ಎಂದೆ. ನೀನು ತಲೆ ಎತ್ತಿ ನೋಡಿದೆ. ಹಲ್ಲಿಲ್ಲದ ನಿನ್ನ ಬಾಯಿ ನಮ್ಮಪ್ಪನ ಕೊನೆಗಾಲದ ಬಾಯಿಯಂತೆ ಒಳಗೆ ಹೋಗಿತ್ತು. ಆಮೇಲೆ ನಾನು ಕೊರಿನ್ ಜೊತೆ ನಡೆದು ಹೋಗಿ ಸೇಬಿನ ಬಿಸಿ ಸೈಡರ್ ಕುಡಿದೆ. ಕುಡಿದೆ, ಲೊವೆಲ್. ಲೋಟ ಖಾಲಿಯಾಗುವವರೆಗೆ.

ನಾಡಿನ ದುಡಿಯುವವರ ಪರ ನಾನು ನಲವತ್ತು ವರ್ಷ ಬರೆದೆ. ಅವರೆಲ್ಲರ ಬಗ್ಗೆ ನನಗಿದ್ದ ಗೌರವ ಅವರು ನನ್ನ ಮನೆಯವರಲ್ಲ ಎಂಬ ಷರತ್ತಿನ ಮೇಲೆ ನಿಂತಿತ್ತೆಂದು ಈಗ ಕಾಣುತ್ತಿದೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಕೂಡಲೇ ಕ್ಷಮಿಸಿಬಿಡುತ್ತೀಯ, ಅದು ನನಗೆ ಅಗ್ಗವಾಗಿ ಸಿಕ್ಕಂತಾಗುತ್ತದೆ. ನಾಳೆ ಪಾರ್ಕಿನ ಕಚೇರಿಗೆ ಹೋಗಿ ನಾನು ಕಂಡದ್ದನ್ನು ಹೇಳುತ್ತೇನೆ. ಮಂಗಳವಾರ ಊರಿನ ಸಭೆಯಲ್ಲಿ ಕೊರಿನ್ ಮುಂದೆ ಮತ್ತೊಮ್ಮೆ ಹೇಳುತ್ತೇನೆ, ಗೋರಿ ತೋಡುವವನು ಯಾರೆಂದು ಹೆಸರು ಹಿಡಿದು. ನಿನ್ನ ಕೆಲಸ ಉಳಿಯಬೇಕು. ಅದು ನೀನು ಇಷ್ಟಪಟ್ಟು ಮಾಡುವ ಕೆಲಸವೆಂದು ನನಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಓಟಿಸ್‌ಗೆ ನನ್ನ ನಮಸ್ಕಾರ ತಿಳಿಸು, ಬೆನ್ನಿಗೆ ಬಿಸಿನೀರಿನ ಚೀಲ ಇಡಲು ಹೇಳು. ಸೂಪಿನಲ್ಲಿ ಬ್ರೆಡ್ಡು ನೆನೆಸಿ ತಿನ್ನು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನನಗಿಂತ ಚೆನ್ನಾದವರ ನಡುವೆ ಇಟ್ಟಿರಲಿ.

ನಿನ್ನ ಅಕ್ಕ,
ಆರ್ಡಿತ್ ರುಶಾಕ್

ಮ.ವಿ.: ಗುರುವಾರ ಮಧ್ಯಾಹ್ನ. ಲಕೋಟೆ ಅಂಟಿಸುವ ಮೊದಲು ಕಾರಿನಲ್ಲೇ ಕೂತು ಅವಸರದಲ್ಲಿ ಬರೆಯುತ್ತಿದ್ದೇನೆ. ಕಚೇರಿಗೆ ಹೋಗಿಬಂದೆ. ಆ ಟಾರ್ಚಿನ ಹುಡುಗಿಯೇ ಇದ್ದಳು, ಡೇಶಾ ಎಂದು ಹೆಸರು. ನಾನು ಬಾಯಿ ತೆರೆಯುವ ಮೊದಲೇ, "ಅಯ್ಯೋ ಮೇಡಂ, ಅದು ಸೋಮವಾರಾನೇ ಮುಗೀತು. ಆ ಹುಡುಗನ ಗೆಳೆಯರೇ ವಿಡಿಯೋ ಹಾಕಿ ಸಿಕ್ಕಿಬಿದ್ರು. ಲೊವೆಲ್ ನಾಳೆ ಬರ್ತಾರೆ" ಎಂದಳು. ನನ್ನ ಸಾಕ್ಷಿ ಯಾರಿಗೂ ಬೇಕಾಗಿರಲಿಲ್ಲ. ಆದರೂ ಹೇಳಿದೆ, ನಾನು ಎಲ್ಲ ನೋಡಿದೆ, ಅವನು ನನ್ನ ಒಡಹುಟ್ಟಿದ ತಮ್ಮ ಎಂದು. ಅದಕ್ಕೆ ಅವಳು, "ಆವತ್ತು ಅವರ ಮುಖ ಒರೆಸ್ತಾ ನಾನೇ ಕೇಳ್ದೆ, ಜೊತೇಲಿ ಯಾರಾದ್ರೂ ಇದ್ದಾರಾ, ಕರೀಲಾ ಅಂತ. ನಮ್ಮೋರು ಯಾರೂ ಇಲ್ಲ ಕಣಮ್ಮಾ ಅಂದ್ರು" ಎಂದಳು. ನನ್ನ ಮಾನ ಉಳಿಸಲು ಹಾಗೆ ಹೇಳಿದೆಯೋ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆಯೋ, ನನಗೆ ತಿಳಿಯದು. ಪತ್ರದಲ್ಲಿ ಉತ್ತರ ಬರೆಯಬೇಡ. ಇದು ಅಷ್ಟರಲ್ಲಿ ನಿನ್ನ ಕೈಸೇರಿದರೂ ಸೇರದಿದ್ದರೂ, ನಾಳೆ ಸಂಜೆ ಕೆಲಸದವರು ಒಳಹೋಗುವ ಬಾಗಿಲಲ್ಲಿ ನಿಂತಿರುತ್ತೇನೆ. ಬಣ್ಣ ಹಚ್ಚುವ ಮೊದಲು ಬಂದರೂ ಸರಿ, ಹಚ್ಚಿಕೊಂಡ ಮೇಲಾದರೂ ಸರಿ, ನೀನು ನೋಡದೆ ಹೋದರೂ ಸರಿ, ಎಲ್ಲರೆದುರು ನಿನ್ನ ಹೆಸರು ಹಿಡಿದು ಕೂಗುತ್ತೇನೆ.