ಕೊನೆಯ ಮಂಚದ ಸೀಸೆ

ಗುರುವಾರ, ಮಧ್ಯಾಹ್ನ
ಲ್ಯಾಬಿನಿಂದ

ನನ್ನ ಮುದ್ದಿನ ಅಕ್ಕನಿಗೆ, ನಿನ್ನ ಚಿಟ್ಟಿಯ ಅಪ್ಪುಗೆ.

ಮೊದಲು ಒಳ್ಳೆಯ ಸುದ್ದಿ. ನಿನ್ನ ಹೊಟ್ಟೆಯಿಂದ ತೆಗೆದ ನೀರಿನಲ್ಲಿ ಕ್ಯಾನ್ಸರ್ ಕಣಗಳಿಲ್ಲ. ನಾನೂ ನೋಡಿದೆ, ನಮ್ಮ ಡಾಕ್ಟರಮ್ಮನೂ ನೋಡಿದರು. ಎಲ್ಲ ಪರೀಕ್ಷೆ ಸೇರಿಸಿ ಅವರು ಹೇಳುವುದು, ಇದು ಹೊಟ್ಟೆಯ ಕ್ಷಯ. ಮಾತ್ರೆಗೆ ಬಗ್ಗುವ ಕಾಯಿಲೆ. ತಿಂಗಳುಗಟ್ಟಲೆ ನುಂಗಬೇಕು, ನಡುವೆ ಬಿಡುವಂತಿಲ್ಲ, ಅಷ್ಟೇ. ಭಾವನಿಗೂ ಫೋನಿನಲ್ಲಿ ಹೇಳಿದ್ದೇನೆ.

ಈಗ ನೀನು ಕೇಳಿದ್ದಕ್ಕೆ ಉತ್ತರ. ಶಾಲು ಹೊದ್ದು ಭಾವನಿಂದಲೂ ಮುಚ್ಚಿಟ್ಟಿದ್ದ ಹೊಟ್ಟೆಯ ವಿಷಯ ನನಗೆ ಹೇಗೆ ತಿಳಿಯಿತು?

ನಾನು ನಿನಗೆ ಫೋನ್ ಮಾಡಿದ ಹಿಂದಿನ ದಿನ ಬೆಳಿಗ್ಗೆ ನಮ್ಮ ಅಟೆಂಡರ್ ಒಂದು ಸೀಸೆ ತಂದುಕೊಟ್ಟ. ಬಾಯಿ ಮುಚ್ಚದ ಮನುಷ್ಯ, ಅದಕ್ಕೇ ಅವನಿಗೆ ರೇಡಿಯೋ ಎಂದು ಹೆಸರು. ಅವತ್ತು ಸೀಸೆ ಮೇಜಿನ ಮೇಲಿಟ್ಟು, ಅಂಗೈಯನ್ನು ಮತ್ತೆ ಮತ್ತೆ ಅಂಗಿಗೆ ಒರೆಸಿಕೊಂಡ. ಒಣಹುಲ್ಲಿನ ಬಣ್ಣದ ನೀರು. ಮೇಲೆ ಚೀಟಿ ಇರಲಿಲ್ಲ. ಯಾರದ್ದು ಎಂದು ಕೇಳಿದೆ.

"ಹೆಂಗಸರ ವಾರ್ಡಲ್ಲಿ ಕೊನೇ ಮಂಚದ ಅಮ್ಮಂದು. ಲ್ಯಾಬಲ್ಲಿರೋ ಚಿಟ್ಟಿ ಕೈಗೇ ಕೊಡು, ಅವಳೇ ನೋಡ್ಲಿ ಅಂದ್ರು. ಚಿಟ್ಟಿ ಅಂದ್ರೆ ಯಾರು ಮೇಡಂ?"

ನನ್ನನ್ನು ಹಾಗೆ ಕರೆಯುವವಳು ಈಗ ನೀನೊಬ್ಬಳೇ. ಹೇಳದೆ ಕೇಳದೆ ಬಂದು ಅಡ್ಮಿಟ್ ಆಗಿದ್ದೀಯೇನೋ ಎಂದು ಎದ್ದುಬಿದ್ದು ಓಡಿದೆ. ಕೊನೆಯ ಮಂಚದ ಮೇಲೆ ಹಾಸಿಗೆಯೇ ಇರಲಿಲ್ಲ, ಬರೀ ಕಬ್ಬಿಣದ ಪಟ್ಟಿಗಳು. ಅದು ಮುರಿದು ಎಷ್ಟೋ ದಿನವಾಯಿತು, ಇವತ್ತು ಯಾರ ಹೊಟ್ಟೆಯಿಂದಲೂ ನೀರು ತೆಗೆದಿಲ್ಲ ಎಂದರು ಸಿಸ್ಟರ್. ಆದರೆ ಪಟ್ಟಿಗಳ ಕೆಳಗಿನ ನೆಲ ಒದ್ದೆಯಾಗಿತ್ತು.

ಚೀಟಿ ಇಲ್ಲದ ಸ್ಯಾಂಪಲನ್ನು ಚೆಲ್ಲಬೇಕು. ಚೆಲ್ಲಲು ಹೋದರೆ ಕೈ ಏಳಲಿಲ್ಲ. ಏಸಿಯ ಕೆಳಗೆ ಅಷ್ಟು ಹೊತ್ತು ಇದ್ದರೂ ಆ ಸೀಸೆ ಬೆಚ್ಚಗಿತ್ತು ಅಕ್ಕ, ಮಲಗಿದ ಮಗುವಿನ ಮೈಯಷ್ಟು ಬೆಚ್ಚಗೆ. ತಿರುಗುವ ಯಂತ್ರದಲ್ಲಿಟ್ಟು, ತಳಕ್ಕಿಳಿದದ್ದನ್ನು ಗಾಜಿನ ಮೇಲೆ ಹಚ್ಚಿ, ಬಣ್ಣ ಹಾಕಿ ನೋಡಿದೆ. ಕ್ಯಾನ್ಸರ್ ಇರಲಿಲ್ಲ. ಕ್ಷಯದ ಸುಳಿವು ಕೊಡುವ ಪರೀಕ್ಷೆಯ ಅಂಕಿ ಮಾತ್ರ ಎಲ್ಲೋ ಮೇಲಿತ್ತು. ಮಾರನೆಯ ಬೆಳಿಗ್ಗೆ ಬಂದು ನೋಡಿದರೆ ಸೀಸೆ ಖಾಲಿ. ಮುಚ್ಚಳ ನಾನು ಹಾಕಿದಷ್ಟೇ ಬಿಗಿಯಾಗಿತ್ತು.

ಆಗಲೇ ನಿನಗೆ ಫೋನ್ ಮಾಡಿದ್ದು. ಹೊಟ್ಟೆ ಊದಿದೆಯಾ ಎಂದು ಕೇಳಿದ ಕೂಡಲೇ ನೀನು ಅಳತೊಡಗಿದೆ. "ಅಮ್ಮನ ಹಾಗೇ ಆಗಿದೆ ಕಣೇ, ತೋರಿಸಿ ಏನು ಪ್ರಯೋಜನ" ಎಂದೆ. ಅಮ್ಮನ ನೀರನ್ನು ಯಾರೂ ಪರೀಕ್ಷೆ ಮಾಡಿಸಲೇ ಇಲ್ಲವಲ್ಲ ಅಕ್ಕ. ನಿನ್ನ ಮದುವೆಯಾದ ವರ್ಷವೇ ಹೊಟ್ಟೆ ಊದಿತು, ಹೋದಳು. ನಮಗೆ ಗೊತ್ತಿರುವುದು ಅಷ್ಟೇ.

ಮೊನ್ನೆ ಭಾವ ನಿಮ್ಮೂರ ಆಸ್ಪತ್ರೆಯಿಂದ ನಿನ್ನ ಸೀಸೆ ತಂದ ಮೇಲೆ ಎರಡೂ ಗಾಜುಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಡಾಕ್ಟರಮ್ಮನೂ ಬಗ್ಗಿ ನೋಡಿ, ಎರಡೂ ಒಬ್ಬರದೇ ತಾನೆ ಎಂದರು. ನಾನು ಚೀಟಿ ಇಲ್ಲದ ಗಾಜನ್ನು ತೆಗೆದು ಡ್ರಾಯರಿಗೆ ಹಾಕಿದೆ. ಬೇರೆ ಯಾರದ್ದೋ ಸೀಸೆ ಕೈತಪ್ಪಿ ಬಂದಿರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನೀನೂ ಹಾಗೇ ಅಂದುಕೋ. ಮಾತ್ರೆ ತಪ್ಪಿಸಬೇಡ.

ನಿನ್ನ ಜೀವದ
ಚಿಟ್ಟಿ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ನೀನೇ ಗುಟ್ಟಾಗಿ ಬಂದಿದ್ದೆಯೇನೋ ಎಂಬ ಅನುಮಾನ ಹೋಗದೆ, ಇವತ್ತು ರೇಡಿಯೋಗೆ ನಿನ್ನ ಮದುವೆಯ ಫೋಟೋ ತೋರಿಸಿದೆ. "ಇವರೇ ಮೇಡಂ" ಎಂದು ತಕ್ಷಣ ಬೆರಳಿಟ್ಟ. ಬೆರಳು ನಿನ್ನ ಮೇಲಿರಲಿಲ್ಲ ಅಕ್ಕ. ನಿನ್ನ ಹೆಗಲ ಮೇಲೆ ಕೈಯಿಟ್ಟು ಹಿಂದೆ ನಿಂತಿದ್ದಾಳಲ್ಲ ಅಮ್ಮ, ಅವಳ ಮೇಲಿತ್ತು.