ಭೋಜಣ್ಣನ ಡಬ್ಬಿ

ಮಾರ್ಚ್ 4, ಮಂಗಳವಾರ

ಮದುವೆಯಾಗಿ ಇಪ್ಪತ್ಮೂರು ದಿನ. ಇವತ್ತೂ ಧನುವಿನ ಕೂದಲಿನಿಂದ ತೊಗಟೆ ಹೆಕ್ಕಿದೆ. ಏಳು ಚೂರು, ಒಂದು ಕೆಂಪಿರುವೆ. ಇರುವೆ ನನ್ನನ್ನೇ ಕಚ್ಚಿತು. ಇರಲಿ, ಅದರ ಮೇಲೂ ಪ್ರೀತಿ ಬಂತು. ಇಂಗ್ಲಿಷಿನಲ್ಲಿ ಬರೆದರೆ ಸ್ಕೂಲ್ ಕಾಂಪೊಸಿಷನ್ ಹಾಗೆ ಆಗುತ್ತದೆ, ಅದಕ್ಕೇ ಕನ್ನಡ. ಸ್ಪೆಲ್ಲಿಂಗ್ ತಪ್ಪಿದರೂ ನೋಡುವವರಿಲ್ಲ.

ಮಣಿಪಾಲದ ನಮ್ಮ ನರ್ಸರಿಯಲ್ಲಿ ಉಳಿದ ಟೀಚರ್‌ಗಳು ಕೇಳುತ್ತಾರೆ, ಹಸ್ಬೆಂಡ್ ಎಂತ ಮಾಡುವುದು ಅಂತ. ಮರ ಹತ್ತುತ್ತಾನೆ, ಕಡಿಯುತ್ತಾನೆ ಎಂದರೆ ಓಹೋ ಎಂದು ಮಾತು ಬದಲಿಸುತ್ತಾರೆ. ಪಾಪ, ಅವನು ಹತ್ತುವುದನ್ನು ನೋಡಿಲ್ಲ. ಮೊದಲು ಮರಕ್ಕೆ ಒಂದು ಸುತ್ತು ಬರುತ್ತಾನೆ. ಕತ್ತಿಯ ಹಿಡಿಯಿಂದ ಬುಡಕ್ಕೆ ಬಡಿದು ಕಿವಿಗೊಡುತ್ತಾನೆ — ಒಳಗೆ ಟೊಳ್ಳೋ, ಗಟ್ಟಿಯೋ. ಆಮೇಲೆ ಬೆಲ್ಟ್, ಹಗ್ಗ. ಆಮೇಲೆ ಬೆಕ್ಕಿನ ಹಾಗೆ ಮೇಲೆ.

ಇಷ್ಟು ದಿನಕ್ಕೆ ಒಂದೇ ಜಗಳ. ಕೆಲಸದ ದಿನ ಮದುವೆ ಉಂಗುರ ಬಿಚ್ಚಿ ಭೋಜಣ್ಣನ ಡಬ್ಬಿಗೆ ಹಾಕುತ್ತಾನಂತೆ. ಭೋಜಣ್ಣ ಎಂದರೆ ಕೆಳಗೆ ನಿಂತು ಅವನ ಹಗ್ಗ ಹಿಡಿಯುವವರು. ಐವತ್ತರ ಹತ್ತಿರ. ಇವನಿಗೆ ಕೆಲಸ ಕಲಿಸಿದವರೂ ಅವರೇ. ಆ ಸ್ಟೀಲ್ ಡಬ್ಬಿಯಲ್ಲಿ ಹಿಂದೆ ಅವಲಕ್ಕಿ ಇದ್ದಿರಬೇಕು, ಅದೇ ವಾಸನೆ. ಒಳಗಡೆ ನನ್ನ ಹೆಸರು ಕೆತ್ತಿಸಿದ ಉಂಗುರ ಅವಲಕ್ಕಿ ಡಬ್ಬಿಯಲ್ಲಿ! ಅತ್ತುಬಿಟ್ಟೆ. ನನ್ನ ತಲೆಯ ಮೇಲೆ ಅವನ ಕೈ ಇಡಿಸಿ ಹೇಳಿಸಿದೆ — ಇನ್ನು ಬಿಚ್ಚುವುದಿಲ್ಲ. ನಗುತ್ತಾ ಹೇಳಿದ.

ಗೆದ್ದೆ.

ಮಾರ್ಚ್ 9, ಭಾನುವಾರ

ಒಂದು ತಿಂಗಳು!! ಕಾಪು ಬೀಚ್. ಲೈಟ್‌ಹೌಸಿನ ಬಂಡೆಯ ಮೇಲೆ ಇಬ್ಬರ ಕೈಗಳ ಫೋಟೋ, ಸ್ಟೇಟಸ್ ಹಾಕಿದೆ. ಅವನ ಅಂಗೈ ಮರದ್ದೇ. ಮುಟ್ಟಿದರೆ ಗೀರುತ್ತದೆ.

ಮಾರ್ಚ್ 24, ಸೋಮವಾರ

ಬರೆಯುತ್ತೇನೆ, ಒಂದೇ ಉಸಿರಿಗೆ.

ಹೋದ ಬುಧವಾರ. ಅಜೆಕಾರಿನಲ್ಲಿ ಒಬ್ಬರ ದನದ ಹಟ್ಟಿಯ ಮೇಲೆ ಬಾಗಿದ ಹೆಬ್ಬಲಸಿನ ಮರ. ಕೆಲಸ ಮುಗಿಸಿ ಇಳಿಯುವಾಗ ಧನುವಿನ ಕಾಲು ಜಾರಿತು. ಹಗ್ಗ ಹಿಡಿಯಿತು, ಆದರೆ ಒಂದು ಮೊಳ ಕೆಳಗೆ ಬಂದ ಮೇಲೆ. ಆ ಒಂದು ಮೊಳದಲ್ಲಿ ಬಲಗೈ ಎಲ್ಲೋ ಸಿಕ್ಕಿಕೊಂಡು...

ಉಂಗುರದ ಬೆರಳು ಇಲ್ಲ. ಉಳಿಸಲು ಆಗುವುದಿಲ್ಲ ಎಂದರು ಡಾಕ್ಟರ್.

ಉಂಗುರ ಎಲ್ಲಿ ಎಂದು ಕೇಳಿದೆ. ಎಲ್ಲೋ ಹೋಯಿತು ಎಂದ, ಗೋಡೆ ನೋಡಿಕೊಂಡು.

ಹಗ್ಗವನ್ನು ಒಂದು ಮೊಳ ಸಡಿಲ ಬಿಟ್ಟವರು ಯಾರು? ಕೆಳಗೆ ಇದ್ದದ್ದು ಒಬ್ಬರೇ. ಧನು ಹೆಸರು ಹೇಳುವುದಿಲ್ಲ, ‘ಬಿಡು ಸೌಮ್ಯ’ ಎನ್ನುತ್ತಾನೆ. ಬಿಡುವುದಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಭೋಜಣ್ಣ ನನ್ನ ಮುಖ ನೋಡಲಿಲ್ಲ. ನೆಲ ನೋಡುತ್ತಿದ್ದರು. ತಪ್ಪು ಮಾಡಿದ ಮಗು ಹೀಗೇ ನಿಲ್ಲುವುದು. ನನಗೆ ಗೊತ್ತಾಗುವುದಿಲ್ಲವಾ? ದಿನಾ ಮೂವತ್ತು ಮಕ್ಕಳನ್ನು ನೋಡುವವಳು.

ನೋಡಿಕೊಳ್ಳಿ, ನಿಮಗೆ ನನ್ನಿಂದ ಉಂಟು, ಭೋಜಣ್ಣ.

ಏಪ್ರಿಲ್ 2, ಬುಧವಾರ

ಭೋಜಣ್ಣ ಮನೆಗೆ ಬಂದಿದ್ದರು. ನಾಲ್ಕು ಎಳನೀರಿನ ಬೊಂಡ ತಂದು ಜಗಲಿಯಲ್ಲಿಟ್ಟು ನಿಂತರು. ಕೂತುಕೊಳ್ಳಿ ಎನ್ನಲಿಲ್ಲ ನಾನು. ಅತ್ತೆ ಚಾ ಕೊಡು ಎಂದರು. ಕೊಟ್ಟೆ. ಸಕ್ಕರೆಯ ಬದಲು ಉಪ್ಪು, ಎರಡು ಚಮಚ, ಚೆನ್ನಾಗಿ ಕಲಸಿ. ಬಾಗಿಲ ಸಂದಿಯಲ್ಲಿ ನಿಂತು ಕಾದೆ, ಮುಖ ಹೇಗಾಗುತ್ತದೆ ನೋಡುವ ಅಂತ.

ಪೂರಾ ಕುಡಿದರು. ಗ್ಲಾಸ್ ತೊಳೆದು ಕೊಟ್ಟರು.

“ಚಾ ಒಳ್ಳೆದುಂಟು ಟೀಚರೇ.”

ಇಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ.

ಏಪ್ರಿಲ್ 5, ಶನಿವಾರ

ಮಾಡಿದೆ. ಧನುವಿನ ಫೋನಿನಿಂದ ಅಡ್ಮಿನ್ ನಂಬರ್ ತೆಗೆದು, ಮರ ಕಡಿಯುವವರು, ಕಡಿಸುವ ಮನೆಯವರೆಲ್ಲ ಇರುವ ವಾಟ್ಸಾಪ್ ಗ್ರೂಪಿಗೆ ಸೇರಿದೆ. ಉಡುಪಿ, ಕಾಪು, ಕಾರ್ಕಳ, ಎಲ್ಲ ಕಡೆಯವರು. ಬರೆದೆ: ‘ಹಗ್ಗ ಹಿಡಿಯುವ ಭೋಜ ಎಂಬವರ ಅಜಾಗರೂಕತೆಯಿಂದ ನನ್ನ ಗಂಡನ ಬೆರಳು ಹೋಗಿದೆ. ಜೀವದ ಮೇಲೆ ಆಸೆ ಇರುವವರು ಅವರೊಟ್ಟಿಗೆ ಕೆಲಸ ಮಾಡಬೇಡಿ, ಅವರನ್ನು ಕರೆಯಬೇಡಿ.’ ಮೂರು ಸಲ ಓದಿ ಕಳುಹಿಸಿದೆ. ಹತ್ತು ನಿಮಿಷಕ್ಕೆ ಹದಿನಾಲ್ಕು ಕೈಮುಗಿಯುವ ಎಮೋಜಿ.

ಒಂದೊಂದನ್ನೂ ಎರಡು ಸಲ ಎಣಿಸಿದೆ. ಖುಷಿಗೆ.

ಏಪ್ರಿಲ್ 17, ಗುರುವಾರ

ಭೋಜಣ್ಣನಿಗೆ ಮೂರು ಮನೆಯ ಕೆಲಸ ತಪ್ಪಿತಂತೆ. ಮಳೆಗೆ ಮೊದಲಿನ ಈ ಎರಡು ತಿಂಗಳೇ ಇವರ ಸೀಸನ್. ಎಲ್ಲರಿಗೂ ಮನೆಯ ಮಾಡಿನ ಮೇಲೆ ಬಾಗಿದ ಕೊಂಬೆ, ಗೆಲ್ಲು ತೆಗೆಸಬೇಕು. ಈಗ ಅವರೊಟ್ಟಿಗೆ ನಿಲ್ಲಲು ಯಾರೂ ಬರುತ್ತಿಲ್ಲ. ಪೇಟೆಗೆ ಹೋಗಿ ಒಬ್ಬಳೇ ಗಡ್‌ಬಡ್ ಐಸ್‌ಕ್ರೀಮ್ ತಿಂದೆ. ಕೆಳಗಿನ ಜೆಲ್ಲಿಯವರೆಗೂ.

ಒಬ್ಬರು ಮಾತ್ರ ಕರೆದಿದ್ದಾರೆ. ಕಾಪುವಿನ ಡುಲ್ಸಿನ್ ಬಾಯಿ. ವಾಟ್ಸಾಪ್ ಇಲ್ಲದ ಅಜ್ಜಿ, ಇಪ್ಪತ್ತು ವರ್ಷದಿಂದ ಭೋಜಣ್ಣನೇ ಆಗಬೇಕು. ಹಂಚಿನ ಮೇಲೆ ಹಲಸಿನ ದೊಡ್ಡ ಗೆಲ್ಲು. ಈ ಸಲ ಭೋಜಣ್ಣನೇ ಹತ್ತುತ್ತಾರೆ. ಕೆಳಗೆ ಹಗ್ಗಕ್ಕೆ ಜನ ಇಲ್ಲ, ನಾನಾದರೂ ಹೋಗುತ್ತೇನೆ ಎಂದು ಧನು ಬ್ಯಾಂಡೇಜ್ ಕೈಯಲ್ಲಿ ಎದ್ದ.

ನಾನು ಹೋಗುತ್ತೇನೆ ಎಂದೆ. ಹೇಗೂ ಸಮ್ಮರ್ ಹಾಲಿಡೇಸ್.

ಅತ್ತೆ ನಕ್ಕರು. ಧನು ನಗಲಿಲ್ಲ, ಒಳಗಿನಿಂದ ಹಗ್ಗ ತಂದು ನನ್ನ ಕೈಗೆ ಕೊಟ್ಟ. ನನ್ನ ಮನಸ್ಸು ಕರಗಿತು ಅಂದುಕೊಂಡನೋ ಏನೋ.

ನನ್ನ ಪ್ಲಾನ್: ಭೋಜಣ್ಣ ಇಳಿಯುವುದು ನಾನು ಬಿಡುವ ಹಗ್ಗದಲ್ಲಿ. ಅರ್ಧದಲ್ಲಿ ನಿಲ್ಲಿಸುತ್ತೇನೆ. ತಪ್ಪು ನನ್ನದು ಎಂದು ಡುಲ್ಸಿನ್ ಬಾಯಿಯ ಎದುರು ಬಾಯಿಬಿಟ್ಟು ಹೇಳುವವರೆಗೆ ಗಾಳಿಯಲ್ಲೇ ಇರಲಿ.

ಏಪ್ರಿಲ್ 28, ಸೋಮವಾರ

ಹತ್ತು ದಿನದಿಂದ ಹಿತ್ತಿಲ ತೆಂಗಿನ ಮರದಲ್ಲಿ ಪ್ರಾಕ್ಟೀಸ್. ಹೊಯ್ಗೆ ತುಂಬಿದ ಗೋಣಿಯೇ ಭೋಜಣ್ಣ. ಧನು ಮಾಸ್ಟರ್, ತುಂಬ ಸ್ಟ್ರಿಕ್ಟ್.

ಹಗ್ಗವನ್ನು ಬುಡಕ್ಕೆ ಎರಡು ಸುತ್ತು ಹಾಕಬೇಕು. ಕೈಗೆ ಯಾವತ್ತೂ ಸುತ್ತಬಾರದು. ಮೇಲಿರುವವರು ‘ಪತ್ತ್‌ಲ’ ಎಂದರೆ ಹಿಡಿ, ‘ಬುಡ್ಲ’ ಎಂದರೆ ಬಿಡು. ತುಳುವಿನಲ್ಲೇ. ಅದೇ ಪದ ತಿರುಗಿ ಕೂಗಿದ ಮೇಲೆ ಮಾತ್ರ ಕೈ ಆಡಿಸಬೇಕು. ಗೆಲ್ಲಿನ ಕೆಳಗೆ ನಿಲ್ಲಬಾರದು. ಕಣ್ಣು ತೆಗೆಯಬಾರದು.

ಮೊದಲ ದಿನ ಗೋಣಿ ಧೊಪ್ಪೆಂದು ಬಿತ್ತು. ಈಗ ಮೊಟ್ಟೆಯ ಹಾಗೆ ಇಳಿಸುತ್ತೇನೆ. “ಮರವೇ ಹಿಡಿಯುತ್ತದೆ ಮಾರಾಯ್ತಿ,” ಎಂದ, “ನೀನು ಬಿಡಲಿಕ್ಕೆ ಮಾತ್ರ ಕಲಿ.”

ಇನ್ನೊಂದು ಹೇಳಿದ. ಹಗ್ಗವನ್ನು ಬಿಗಿಯಾಗಿ ಎಳೆದಿಡಬಾರದು, ಒಂದು ಮೊಳ ಸಡಿಲ ಇರಲೇಬೇಕು, ಇಲ್ಲದಿದ್ದರೆ ಹತ್ತುವವರ ಕೈ ಆಡುವುದಿಲ್ಲ.

ಒಂದು ಮೊಳವಾ? ಎಂದು ಕೇಳಿದೆ. ಗಂಜಿ ಆಯಿತಾ ನೋಡು ಎಂದ.

ಮೇ 6, ಮಂಗಳವಾರ. ಬೆಳಿಗ್ಗೆ 5.40

ಚೂಡಿದಾರ್, ಶೂಸ್, ಜಡೆ ಗಟ್ಟಿ. ಮೊದಲ ಡೇಟಿಗೂ ಇಷ್ಟು ಬೇಗ ಎದ್ದಿರಲಿಲ್ಲ. ಇವತ್ತು ನಿಮ್ಮ ಬಾಯಿಂದ ಕೇಳುತ್ತೇನೆ ಭೋಜಣ್ಣ. ಇವತ್ತೇ.

ಸಂಜೆ 5

ಹೇಗಾಯಿತೋ ಹಾಗೇ ಬರೆಯಬೇಕು.

ನಾನು, ಭೋಜಣ್ಣ ಕಾಪುವಿಗೆ ಮೊದಲ ಬಸ್ಸಲ್ಲಿ ಹೋದೆವು. ಮರದ ಬುಡದಲ್ಲಿ ಭೋಜಣ್ಣ ಡಬ್ಬಿ ತೆಗೆದರು. ತಮ್ಮ ವಾಚ್, ಸೊಂಟದ ಬೀಗದಕೈ ಹಾಕಿದರು. ನನ್ನ ಬಳೆ, ಉಂಗುರ ಕೇಳಿದರು. ಹಗ್ಗ ಹಿಡಿಯುವವರೂ ಬಿಚ್ಚಬೇಕಂತೆ. ಮುಖ ಬೇರೆ ಕಡೆ ತಿರುಗಿಸಿಕೊಂಡು ಹಾಕಿದೆ. ಆಮೇಲೆ ಎರಡೂ ಕೈ ಮಗುಚಿ ನನಗೆ ತೋರಿಸಿದರು, ನಮ್ಮ ಮಕ್ಕಳು ಉಗುರು ತೋರಿಸುವ ಹಾಗೆ. ಡಬ್ಬಿ ಇವತ್ತು ನನ್ನ ಹತ್ತಿರ, ಆದ್ದರಿಂದ ಕೈ ನೋಡುವವಳೂ ನಾನೇ. ಅದು ಕ್ರಮ ಎಂದರು. ನೋಡಿದೆ. ಖಾಲಿ ಕೈ.

ಹತ್ತಿದರು. ಆ ವಯಸ್ಸಿಗೆ! ಗೆಲ್ಲನ್ನು ತುದಿಯಿಂದ ತುಂಡು ತುಂಡಾಗಿ ಕಡಿದು, ಒಂದೊಂದನ್ನೂ ಬೇರೆ ಹಗ್ಗದಲ್ಲಿ ಕಟ್ಟಿ ಕೊಟ್ಟರು. ಬುಡ್ಲ ಎಂದರು. ಬುಡ್ಲ ಎಂದೆ. ಒಂದು ಹಂಚೂ ಒಡೆಯಲಿಲ್ಲ. ಡುಲ್ಸಿನ್ ಬಾಯಿ ಕುರ್ಚಿ ಹಾಕಿ ಕೂತು, ಹುಡುಗಿ ಪರವಾಗಿಲ್ಲ ಎಂದರು. ಖುಷಿಯಾಯಿತು. ಆಗಬಾರದಿತ್ತು.

ಇಳಿಯುವಾಗ, ಎರಡಾಳು ಎತ್ತರದಲ್ಲಿ, ನಿಲ್ಲಿಸಿದೆ. ಇನ್ನೂ ಒಂದು ಸುತ್ತು ಹಾಕಿ ಗಂಟು ಬಿಗಿದೆ. ಮರ ಹಿಡಿಯಿತು.

“ಬುಡ್ಲ,” ಎಂದರು.

ನಾನು ತಿರುಗಿ ಹೇಳಲಿಲ್ಲ. ಕೇಳಿದೆ: “ಧನುವಿನ ಬೆರಳು ಹೋದದ್ದು ನಿಮ್ಮ ತಪ್ಪಲ್ವಾ? ಡುಲ್ಸಿನ್ ಬಾಯಿಗೆ ಕೇಳುವ ಹಾಗೆ ಹೇಳಿ. ಆಮೇಲೆ ಇಳಿಸುತ್ತೇನೆ.”

ಗಾಳಿಗೆ ಸಣ್ಣಗೆ ತಿರುಗುತ್ತಾ ಇದ್ದರು. ಬೇಡಿಕೊಳ್ಳುತ್ತಾರೆ, ಬೈಯುತ್ತಾರೆ ಅಂದುಕೊಂಡಿದ್ದೆ.

“ಹೌದು,” ಎಂದರು. “ತಪ್ಪು ನನ್ನದೇ ಬಾಯಮ್ಮ. ನನ್ನದೇ.”

ಅಷ್ಟೆ? ಒಂದೂವರೆ ತಿಂಗಳು ಕಾದದ್ದು ಇಷ್ಟು ಸುಲಭದಲ್ಲಿ? ಡುಲ್ಸಿನ್ ಬಾಯಿ ಶಿಲುಬೆಯ ಗುರುತು ಮಾಡಿಕೊಂಡರು. ಇಳಿಸಿದೆ. ಮೊಟ್ಟೆಯ ಹಾಗೆ. ಗೆದ್ದೆ ಎಂದುಕೊಂಡೆ.

ಬಳೆಗಾಗಿ ಡಬ್ಬಿ ತೆರೆದೆ. ವಾಚ್. ಬೀಗದಕೈ. ನನ್ನ ಬಳೆ, ಉಂಗುರ. ಅಡಿಯಲ್ಲಿ ಮಾತ್ರೆಯ ಸಣ್ಣ ಪ್ಲಾಸ್ಟಿಕ್ ಕವರ್, ಅದರೊಳಗೆ ಇನ್ನೊಂದು ಉಂಗುರ. ಆಸ್ಪತ್ರೆಯಲ್ಲಿ ಕತ್ತರಿಸಿದ್ದು, ಸೊಟ್ಟ. ಒಳಗಡೆ ನನ್ನ ಹೆಸರು, ಅಂಚಿಗೆ ಮೆತ್ತಿದ ತೊಗಟೆ.

ಕದ್ದಿರಿ ಎನ್ನಲು ಬಾಯಿ ತೆರೆದಿದ್ದೆ. ಅವರು ಹಗ್ಗ ಸುರುಳಿ ಸುತ್ತುತ್ತಲೇ ಹೇಳಿದರು.

“ಕಡಿದ ಗೆಲ್ಲಿನ ಮೋಟು ಕುತ್ತಿಯಲ್ಲಿ ಉಂಗುರ ಸಿಕ್ಕಿಹಾಕಿಕೊಂಡಿತು ಟೀಚರೇ. ಬರೀ ಕೈಯಾಗಿದ್ದರೆ ತರಚುತ್ತಿತ್ತು, ಅಷ್ಟೆ. ನಿಮಗೆ ತೋರಿಸಬೇಡಿ ಅಂತ ಧನುವೇ ಕೊಟ್ಟದ್ದು.”

ಮತ್ತೆ ಮೇಲೆ ಹೌದು ಎಂದದ್ದು ಯಾಕೆ ಎಂದು ಕೇಳಿದೆ. ಇಳಿಯಲಿಕ್ಕಾ?

“ಹಾಗಲ್ಲ. ಆ ದಿನ ಡಬ್ಬಿ ನನ್ನ ಹತ್ತಿರ. ಕೈ ನೋಡಿದ್ದೆ, ಉಂಗುರ ಕಂಡಿತ್ತು. ಅವಳ ತಲೆ ಮುಟ್ಟಿ ಹೇಳಿದ್ದೇನೆ ಭೋಜಣ್ಣ ಎಂದ. ಹೊಸ ಮದುವೆ ಅಲ್ವಾ ಅಂತ ಹತ್ತಲಿಕ್ಕೆ ಬಿಟ್ಟೆ. ಬಿಡಬಾರದಿತ್ತು.”

ಡಬ್ಬಿಯ ಮುಚ್ಚಳ ಹಾಕಲು ನನಗೆ ಬರಲಿಲ್ಲ. ಅವರೇ ಹಾಕಿದರು.

ಬಸ್ಸಿನಲ್ಲಿ ನಾನು ನಿಂತೇ ಬಂದೆ. ಸೀಟಿತ್ತು.

ಮನೆಯಲ್ಲಿ ಧನು ಎಡಗೈಯಲ್ಲಿ ಚಾ ಮಾಡಿ ಕೊಟ್ಟ. ಹೇಗಾಯಿತು ಎಂದ. ಒಂದು ಹಂಚೂ ಒಡೆಯಲಿಲ್ಲ ಎಂದೆ. ಸಿಹಿಯೋ ಉಪ್ಪೋ, ಚಾ ರುಚಿಯೇ ಗೊತ್ತಾಗಲಿಲ್ಲ.

ಮೇ 7, ಬುಧವಾರ. ಬೆಳಿಗ್ಗೆ 7

ಒಂದೂವರೆ ತಿಂಗಳು ಇಟ್ಟುಕೊಂಡ ಸಿಟ್ಟು ಇನ್ನೂ ಹಾಗೇ ಉಂಟು. ಇಳಿಸಲು ಜಾಗ ಇಲ್ಲ. ಧನುವಿನ ಮೇಲೆ ಇಳಿಸಿ ನೋಡಿದೆ, ಯಾಕೆ ಹೇಳಲಿಲ್ಲ ಎಂದು. “ಹೇಳಿದ್ದರೆ ನೀನು ಎಂತ ಮಾಡುತ್ತಿದ್ದಿ?” ಎಂದ.

ಮಳೆಗೆ ಇನ್ನು ಮೂರು ವಾರ. ಗ್ರೂಪಿಗೆ ಬರೆಯಬೇಕು. ಇಲ್ಲಿ ಮೊದಲು ಬರೆದು ನೋಡುತ್ತೇನೆ.

‘ನಮಸ್ಕಾರ. ಏಪ್ರಿಲ್ 5ರಂದು ನಾನು ಹಾಕಿದ ಮೆಸೇಜ್ ಸುಳ್ಳು. ಭೋಜಣ್ಣ ಹಗ್ಗ ಬಿಟ್ಟಿಲ್ಲ. ಅವರು ಹಿಡಿದದ್ದರಿಂದಲೇ ನನ್ನ ಗಂಡ ಬದುಕಿದ್ದಾರೆ. ಬೆರಳು ಹೋದದ್ದು ಉಂಗುರದಿಂದ. ಉಂಗುರ ಬಿಚ್ಚಬಾರದೆಂದು ತಲೆ ಮುಟ್ಟಿಸಿ ಆಣೆ ಹಾಕಿಸಿದ್ದು —’

ಇನ್ನು ಒಂದೇ ಪದ ಬಾಕಿ.